ಅರ್ಧ ಅಡುಗೆ ಉಣ್ಣುವವರ ಕೈಯಲ್ಲಿ: ಅಸಕುಸಾದಿಂದ ಒದಾತೆವರೆಗೆ ನಬೆ ಪ್ರವಾಸ

ಜಪಾನಿನಲ್ಲಿ ನಬೆ ಎಂದರೆ ಪಾತ್ರೆ ಒಲೆಯ ಮೇಲಿರುವಾಗಲೇ ಉಣ್ಣುವ ಊಟ. ಮೀನು, ಕೋಳಿ, ತರಕಾರಿ, ಸಾರು ಎಲ್ಲವನ್ನೂ ಹದಮಾಡಿ ತಂದಿಡುವುದು ಅಂಗಡಿಯವರ ಪಾಲು. ಉರಿ ಎಷ್ಟಿರಬೇಕು, ಯಾವುದನ್ನು ಯಾವಾಗ ಹಾಕಬೇಕು, ಯಾವಾಗ ಎತ್ತಬೇಕು ಎನ್ನುವುದು ಸುತ್ತ ಕೂತವರ ಪಾಲು. ಇನ್ನೂರು ವರ್ಷದ ಕೈರುಚಿ ಇರುವ ಅಂಗಡಿಯಲ್ಲೂ ಐದು ನಿಮಿಷ ಮೈಮರೆತರೆ ಸಾರು ಉಪ್ಪಾಗುತ್ತದೆ, ಮೀನು ರಬ್ಬರಿನಂತಾಗುತ್ತದೆ. ಆದ್ದರಿಂದ ಈ ಕಥನದಲ್ಲಿ ಊರು, ರೈಲುಗಳಷ್ಟೇ ಜಾಗ ಪಾತ್ರೆಗೂ ಇದೆ.

ಹೊರಡಲು ಒಳ್ಳೆಯ ಕಾಲ ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ. ಜಪಾನಿನ ಉತ್ತರದ ಅಕಿತಾದಲ್ಲಿ ಹೊಸ ಅಕ್ಕಿ ಬಂದಿರುತ್ತದೆ, ಆಂಕೊ ಮೀನಿನ ಯಕೃತ್ತು ತುಂಬಿಕೊಂಡಿರುತ್ತದೆ, ಹತಹತ ಮೀನು ಮೊಟ್ಟೆಯಿಡಲು ದಡಕ್ಕೆ ಬರುವ ಹೊತ್ತು ಅದು. ಜನವರಿಗೆ ತಳ್ಳಿದರೆ ಹಿಮದಿಂದ ಉತ್ತರದ ರೈಲುಗಳು ತಡವಾಗುತ್ತವೆ.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಮುಂದೆ ಬರುವ ಯಾವ ಪಾತ್ರೆಯೂ ಸಸ್ಯಾಹಾರಿಗಳದ್ದಲ್ಲ. ತೋಫು, ಸೊಪ್ಪು ಮಾತ್ರ ಎತ್ತಿಕೊಳ್ಳುತ್ತೇನೆಂದರೂ ಸಾರಿನ ಬುಡದಲ್ಲೇ ಮೀನೋ ಕೋಳಿಯೋ ಇರುತ್ತದೆ. ‘ಮಾಂಸ ಬೇಡ’ ಎಂದು ಹೇಳಿದರೆ ತುಂಡುಗಳನ್ನು ಬಿಟ್ಟು ಕೊಡುತ್ತಾರೆ, ಸಾರು ಅದೇ ಇರುತ್ತದೆ. ಜೊತೆಯಲ್ಲಿ ಸಸ್ಯಾಹಾರಿಗಳಿದ್ದರೆ ಅವರ ಊಟಕ್ಕೆ ಬೇರೆ ಏರ್ಪಾಡು ಮಾಡಿಕೊಂಡೇ ಹೊರಡಿ.

ಮೊದಲ ದಿನ: ಅಸಕುಸಾ, ಕೊಮಗತಾ ದೊಜೆವು

ಬೆಂಗಳೂರಿನಿಂದ ನರಿತಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ನರಿತಾದಿಂದ ಕೆಯ್‌ಸೆಯ್ ಆಕ್ಸೆಸ್ ಎಕ್ಸ್‌ಪ್ರೆಸ್ ಹಿಡಿದರೆ ಬದಲಿಸುವ ಗೋಜಿಲ್ಲದೆ ಸುಮಾರು ಒಂದು ಗಂಟೆಯಲ್ಲಿ ತೋಕ್ಯೊದ ಹಳೆಯ ಬಡಾವಣೆ ಅಸಕುಸಾ ತಲುಪಬಹುದು. ಅಸಕುಸಾ ಹೆಸರಿನ ನಿಲ್ದಾಣಗಳು ಒಂದಕ್ಕಿಂತ ಹೆಚ್ಚಿವೆ. ಈ ರೈಲು ನಿಲ್ಲುವ ತೊಯೆಯ್ ಅಸಕುಸಾ ಮಾರ್ಗದ ನಿಲ್ದಾಣವೇ ನಮಗೆ ಬೇಕಾದ್ದು. ಕೊಮಗತಾ ಸೇತುವೆಯ ಕಡೆಗೆ ಮೇಲೆ ಬಂದರೆ ಕೆಲವೇ ಹೆಜ್ಜೆಗಳಲ್ಲಿ ಕಪ್ಪು ಮರದ, ಎರಡಂತಸ್ತಿನ ಹಳೆಯ ವರ್ತಕರ ಮನೆಯಂಥ ಕಟ್ಟಡ ಕಾಣುತ್ತದೆ. ಬಾಗಿಲ ಪರದೆಯ ಮೇಲೆ ಮೂರೇ ಅಕ್ಷರ.

ಕೊಮಗತಾ ದೊಜೆವು ಶುರುವಾದದ್ದು 1801ರಲ್ಲಿ. ಅಡುಗೆಯ ಜೀವಾಳ ‘ದೊಜೊ’ ಎಂಬ ಬೆರಳುದ್ದದ ಮೀನು. ಗದ್ದೆ, ಕಾಲುವೆಗಳ ಕೆಸರಿನಲ್ಲಿ ಬದುಕುವ, ಮೀಸೆಯುಳ್ಳ ಸಿಹಿನೀರಿನ ಮೀನು ಅದು. ತೋಕ್ಯೊಗೆ ಎದೊ ಎಂಬ ಹೆಸರಿದ್ದ ಕಾಲದಲ್ಲಿ ಕೂಲಿ ಮಾಡುವವರಿಗೆ ಕಡಿಮೆ ಕಾಸಿಗೆ ಸಿಗುತ್ತಿದ್ದ ಪುಷ್ಟಿ ಇದೇ. ಹೆಸರನ್ನು ಮೊದಲು ನಾಲ್ಕು ಅಕ್ಷರಗಳಲ್ಲಿ ಬರೆಯುತ್ತಿದ್ದರಂತೆ. 1806ರ ಮಹಾ ಬೆಂಕಿಯಲ್ಲಿ ಅಂಗಡಿ ಸುಟ್ಟ ಮೇಲೆ ಸಮಸಂಖ್ಯೆ ಶುಭವಲ್ಲವೆಂದು ಮೂರಕ್ಕೆ ಇಳಿಸಿದರು. ವ್ಯಾಪಾರ ಕುದುರಿತು, ಬೇರೆ ಅಂಗಡಿಗಳೂ ಆ ಬರವಣಿಗೆಯನ್ನೇ ಹಿಡಿದವು. ಈಗಿನ ಕಟ್ಟಡ 1964ರದ್ದು, ಆದರೆ ಹಳೆಯ ಎದೊ ಮಾದರಿಯಲ್ಲೇ ಕಟ್ಟಿದ್ದು.

ಒಳಗೆ ಬೂಟು ಬಿಟ್ಟು ನೆಲಮಹಡಿಯ ದೊಡ್ಡ ಹಜಾರಕ್ಕೆ ಹೋಗಬೇಕು. ಬೆತ್ತದ ಚಾಪೆ, ಅದರ ಮೇಲೆ ಉದ್ದಕ್ಕೂ ಮಲಗಿಸಿದ ದಪ್ಪ ಹಲಗೆಗಳು. ಅದೇ ಮೇಜು. ಕಾಲು ಚಾಚಲು ಕೆಳಗೆ ಹಳ್ಳವಿಲ್ಲ, ನೆಲದ ಮೇಲೆಯೇ ಕೂರಬೇಕು. ಚಕ್ಕಳಮಕ್ಕಳ ಹಾಕಿ ಉಂಡು ಬೆಳೆದ ನಮ್ಮವರಿಗೆ ಇದು ಕಷ್ಟವಲ್ಲ. ಮಂಡಿ ನೋವಿರುವವರು ಕುರ್ಚಿಯ ಜಾಗ ಕೇಳಿ ಪಡೆಯಲಿ.

ಪಟ್ಟಿಯಲ್ಲಿ ಮುಖ್ಯವಾದವು ಮೂರು. ಇಡೀ ಮೀನಿನ ‘ದೊಜೆವು ನಬೆ’, ಸೀಳಿ ಮುಳ್ಳು ತೆಗೆದ ‘ಸಾಕಿ ನಬೆ’, ಸೀಳಿದ ಮೀನನ್ನು ಗೊಬೊ ಬೇರಿನ ತೆಳು ಚೂರುಗಳ ಮೇಲಿಟ್ಟು ಮೊಟ್ಟೆ ಸುರಿದ ‘ಯನಗಾವಾ’. ಮುಳ್ಳಿನ ಭಯವಿದ್ದವರು ಯನಗಾವಾದಿಂದ ಶುರುಮಾಡುವುದು ವಾಡಿಕೆ. ಆದರೆ ಈ ಅಂಗಡಿಗೆ ಬಂದು ಇಡೀ ಮೀನಿನ ಪಾತ್ರೆ ತಿನ್ನದೆ ಹೋಗುವುದು ಸರಿಯಲ್ಲ, ಏಕೆಂದರೆ ಇವರ ಕಸುಬೆಲ್ಲ ಇರುವುದು ಅದರಲ್ಲೇ. ಜೀವಂತ ಮೀನಿನ ಮೇಲೆ ಮೊದಲು ಸಾಕೆ ಎಂಬ ಅಕ್ಕಿಯ ಮದ್ಯ ಸುರಿಯುತ್ತಾರೆ. ಮೀನು ಮತ್ತೇರಿ ಸುಮ್ಮನಾಗುತ್ತದೆ, ಕೆಸರಿನ ವಾಸನೆ ಇಳಿಯುತ್ತದೆ, ಮುಳ್ಳು ಮೆತ್ತಗಾಗಲು ಅನುಕೂಲವಾಗುತ್ತದೆ. ಆಮೇಲೆ ಹುದುಗಿಸಿದ ಸೋಯಾ ಮುದ್ದೆಯಾದ ಎದೊ ಸಿಹಿ ಮಿಸೊ ಕದಡಿದ ಸಾರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಈ ಮಿಸೊದಲ್ಲಿ ಕೋಜಿ, ಅಂದರೆ ಹುದುಗಿಸುವ ಬೂಷ್ಟು ಬೆಳೆಸಿದ ಅಕ್ಕಿ, ಹೆಚ್ಚು, ಉಪ್ಪು ಕಡಿಮೆ. ಉಪ್ಪು ಕಡಿಮೆಯಿರುವುದರಿಂದಲೇ ಅದರಲ್ಲಿ ಹೆಚ್ಚು ಹೊತ್ತು ಬೇಯಿಸಿದರೂ ಮೀನು ಬಿಗಿಯಾಗುವುದಿಲ್ಲ. ಹೀಗೆ ಬೆಂದ ಮೀನನ್ನು ಅಂಗೈಯಗಲದ, ಆಳ ತೀರ ಕಡಿಮೆಯಿರುವ ಕಬ್ಬಿಣದ ಬಾಣಲೆಯಲ್ಲಿ ಸಾಲಾಗಿ ಜೋಡಿಸಿ ಇದ್ದಿಲಿನ ಅಗ್ಗಿಷ್ಟಿಕೆಯ ಮೇಲೆ ತಂದಿಡುತ್ತಾರೆ.

ಇಲ್ಲಿಂದ ಮುಂದೆ ಕೂತವರ ಕೆಲಸ. ಜೊತೆಗೆ ಒಂದು ಮರದ ಪೆಟ್ಟಿಗೆ ತುಂಬ ಹೆಚ್ಚಿದ ನೆಗಿ, ಅಂದರೆ ಜಪಾನಿನ ಉದ್ದನೆಯ ಈರುಳ್ಳಿ, ಬರುತ್ತದೆ. ಇನ್ನೊಂದು ಹೂಜಿಯಲ್ಲಿ ವಾರಿಶಿತಾ, ಅಂದರೆ ಸೋಯಾ, ಮಿರಿನ್ ಎಂಬ ಸಿಹಿ ಅಡುಗೆ ಮದ್ಯ ಸೇರಿಸಿದ ಸಿಹಿ-ಉಪ್ಪಿನ ಸಾರು. ಬಾಣಲೆ ಬಂದ ಕೂಡಲೇ ಮೀನು ಪೂರ್ತಿ ಮುಚ್ಚಿಹೋಗುವ ಹಾಗೆ ನೆಗಿಯನ್ನು ಗೋಪುರದಂತೆ ಪೇರಿಸಿ. ನೋಡಲು ಅತಿಯೆನಿಸುತ್ತದೆ, ಬಿಸಿ ತಾಗಿದ ಎರಡು ಮೂರು ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ನೆಗಿಯ ಕೆಲಸ ಮೂರು: ನೀರು ಬಿಟ್ಟು ಸಾರು ಒಣಗದಂತೆ ತಡೆಯುತ್ತದೆ, ಮುಚ್ಚಳವಾಗಿ ಮೀನಿನ ಬೆನ್ನನ್ನು ಹಬೆಯಲ್ಲಿ ಬಿಸಿ ಮಾಡುತ್ತದೆ, ಮಿಸೊದ ಸಿಹಿಗೆ ಖಾರ ಕೂಡಿಸುತ್ತದೆ. ಬಾಣಲೆಯ ಅಂಚಿನಲ್ಲಿ ಗುಳ್ಳೆ ಎದ್ದು ನೆಗಿ ಬಾಡಿದರೆ ತಿನ್ನಲು ಸಿದ್ಧ. ಮೀನು ಆಗಲೇ ಬೆಂದಿರುವುದರಿಂದ ಕಾಯುವ ಅಗತ್ಯವಿಲ್ಲ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ತಳ ಅಗಲ, ಸಾರಿನ ಆಳ ಕಡಿಮೆ, ಕೆಳಗೆ ಕೆಂಡ. ಮಾತಿಗೆ ಕೂತರೆ ಸಾರು ಬತ್ತಿ ಗಟ್ಟಿಯಾಗುತ್ತದೆ, ತಳ ಹಿಡಿಯುತ್ತದೆ. ಸಾರು ಮೀನಿನ ಅರ್ಧಕ್ಕಿಂತ ಕೆಳಗಿಳಿದ ಕೂಡಲೇ ವಾರಿಶಿತಾ ಸುರಿಯಬೇಕು, ಅದೂ ಒಂದೇ ಸಲಕ್ಕಲ್ಲ, ಸ್ವಲ್ಪ ಸ್ವಲ್ಪವಾಗಿ, ಅಂಚಿನಿಂದ. ಮೇಲಿಂದ ಸುರಿದರೆ ನೆಗಿ ತಣ್ಣಗಾಗುತ್ತದೆ. ಇನ್ನೊಂದು, ಕಲಕಬಾರದು. ಬೆಂದ ಮೀನು ಎಷ್ಟು ಮೃದುವೆಂದರೆ ಚಾಪ್‌ಸ್ಟಿಕ್ಕಿನಲ್ಲಿ ತಿರುವಿದರೆ ತಲೆ ಬೇರೆ ಮೈ ಬೇರೆಯಾಗುತ್ತದೆ. ಒಂದು ತುದಿಯಿಂದ ಕ್ರಮವಾಗಿ ಎತ್ತುತ್ತ ಬನ್ನಿ, ಖಾಲಿಯಾದ ಜಾಗಕ್ಕೆ ಮತ್ತೆ ನೆಗಿ ಹಾಕಿ. ನೆಗಿ ಮುಗಿದರೆ ಕೇಳಿದಷ್ಟು ಕೊಡುತ್ತಾರೆ, ಸಂಕೋಚ ಬೇಡ. ಮೇಲೆ ಉದುರಿಸಲು ಸಾನ್ಶೊ ಮತ್ತು ಶಿಚಿಮಿ ಇರುತ್ತವೆ. ಸಾನ್ಶೊ ನಾಲಗೆಯನ್ನು ಜುಮ್ಮೆನ್ನಿಸುವ ಕಾಯಿಯ ಪುಡಿ, ಶಿಚಿಮಿ ಏಳು ಬಗೆಯ ಮಸಾಲೆ. ಮೊದಲ ಮೀನನ್ನು ಏನೂ ಹಾಕದೆ ತಿನ್ನಿ, ಎರಡನೆಯದಕ್ಕೆ ಸಾನ್ಶೊ. ಎರಡನ್ನೂ ಒಟ್ಟಿಗೆ ಹಾಕಿದರೆ ಮಿಸೊ ಕಾಣೆಯಾಗುತ್ತದೆ.

ಸಾಕೆಯಲ್ಲಿ ಇಲ್ಲಿ ಬಹುಕಾಲದಿಂದ ಕೊಡುವುದು ಕ್ಯೋತೊದ ಫುಶಿಮಿಯ ‘ಫುರಿಸೊದೆ’. ಬಿಸಿ ಮಾಡಿಸಿ ತರಿಸಿಕೊಳ್ಳಿ. ಸಿಹಿ ಮಿಸೊ, ಇದ್ದಿಲಿನ ಹೊಗೆ, ಮೀನಿನ ಜಿಡ್ಡು ಸೇರಿದ ಬಾಯಿಗೆ ತಣ್ಣನೆಯ, ಹಣ್ಣಿನ ಪರಿಮಳದ ಸಾಕೆ ಹೊಂದುವುದಿಲ್ಲ. ಬಿಸಿ ಸಾಕೆ ಜಿಡ್ಡನ್ನು ತೊಳೆದು ಮುಂದಿನ ತುತ್ತಿಗೆ ನಾಲಗೆಯನ್ನು ಸಜ್ಜು ಮಾಡುತ್ತದೆ.

ಎರಡನೆಯ ದಿನ: ಕಾಂಡಾ, ಇಸೆಗೆನ್

ಬೆಳಿಗ್ಗೆ ಸುಮಿದಾ ನದಿಯ ದಂಡೆಯಲ್ಲಿ ದಕ್ಷಿಣಕ್ಕೆ ನಡೆದರೆ ನಬೆಯ ಬೇರೆ ಬಣ್ಣಗಳೂ ಕಾಣುತ್ತವೆ. ರ‍್ಯೊಗೊಕುದಲ್ಲಿ 1718ರಿಂದ ಕಾಡುಹಂದಿ ಬಡಿಸುತ್ತಿರುವ ಮೊಮೊಂಜಿಯಾ, ಸುಮೊ ಜಟ್ಟಿಗಳ ಚಾಂಕೊ ಅಂಗಡಿಗಳು, ಮೊರಿಶಿತಾದಲ್ಲಿ ಕುದುರೆ ಮಾಂಸದ ಪಾತ್ರೆಗೆ ಹೆಸರಾದ, 1897ರಲ್ಲಿ ಶುರುವಾದ ಮಿನೊಯಾ. ಇವನ್ನು ಹೊರಗಿನಿಂದ ನೋಡಿಕೊಂಡು ಹೊಟ್ಟೆಯನ್ನು ಕಾಂಡಾಕ್ಕೆ ಖಾಲಿ ಇಟ್ಟುಕೊಳ್ಳುವುದು ಮೇಲು.

ಅವಾಜಿಚೊ ನಿಲ್ದಾಣದ ಹತ್ತಿರ, ಕಾಂಡಾ ಸುದಾಚೊದ ಒಂದು ಪುಟ್ಟ ಮೂಲೆ 1945ರ ಬಾಂಬು ದಾಳಿಯ ಬೆಂಕಿಯಿಂದ ಉಳಿದುಕೊಂಡಿತು. ಒಂದೇ ಸುತ್ತಿನಲ್ಲಿ ಕೋಳಿ ಸುಕಿಯಾಕಿಯ ಬೊತಾನ್, ಸೋಬಾ ಶಾವಿಗೆಯ ಮತ್ಸುಯಾ, ಸಿಹಿತಿಂಡಿಯ ತಕೆಮುರಾ ಸಿಗುತ್ತವೆ. 2013ರಲ್ಲಿ ಬೆಂಕಿಗೆ ತುತ್ತಾಗಿ ಮರುವರ್ಷ ಮತ್ತೆ ತೆರೆದ ಯಾಬು ಸೋಬಾ ಕೂಡ ಇಲ್ಲೇ. ಇವುಗಳ ನಡುವೆ ಇಸೆಗೆನ್ ಇದೆ. 1830ರಲ್ಲಿ ಆರಂಭ, 1923ರ ಭೂಕಂಪದ ನಂತರ ಕಟ್ಟಿದ ಮರದ ಮನೆ. ಹೊರಗೆ ಗಾಜಿನ ಹಿಂದೆ ಮಂಜುಗಡ್ಡೆಯ ಮೇಲೆ ಬಾಯಿ ತೆರೆದ ಆಂಕೊ ಮಲಗಿರುತ್ತದೆ.

ಆಂಕೊ ಸಮುದ್ರದ ತಳದಲ್ಲಿ ಬಿದ್ದುಕೊಂಡು ಬೇಟೆಗೆ ಕಾಯುವ, ತಲೆಯೇ ಮುಕ್ಕಾಲು ಪಾಲಿರುವ ಮೀನು. ಮೈ ಲೋಳೆಲೋಳೆ, ಹಲಗೆಯ ಮೇಲಿಟ್ಟರೆ ಜಾರಿ ಹರಡಿಕೊಳ್ಳುತ್ತದೆ. ಅದಕ್ಕೇ ಕೊಕ್ಕೆಗೆ ದವಡೆ ಸಿಕ್ಕಿಸಿ ತೂಗುಹಾಕಿ, ಹೊಟ್ಟೆಗೆ ನೀರು ತುಂಬಿ ಭಾರ ಮಾಡಿ, ನಿಂತಂತೆಯೇ ಕೊಯ್ಯುವ ಪದ್ಧತಿ ಬಂತು. ದವಡೆ ಮತ್ತು ನಡುಮುಳ್ಳು ಬಿಟ್ಟರೆ ಉಳಿದುದೆಲ್ಲ ತಿನ್ನಲು ಬರುತ್ತದೆ: ಮಾಂಸ, ಯಕೃತ್ತು, ಚರ್ಮ, ಜಠರ, ಕಿವಿರು, ಅಂಡಾಶಯ, ರೆಕ್ಕೆ. ಈ ಏಳೂ ಪಾತ್ರೆಯಲ್ಲಿರುತ್ತವೆ, ಮತ್ತು ಏಳಕ್ಕೂ ಬೇಯುವ ಲೆಕ್ಕ ಬೇರೆ ಬೇರೆ.

ನಿನ್ನೆಯ ಬಾಣಲೆಗೂ ಇಂದಿನದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು: ದೊಜೊ ಪಾತ್ರೆ ಹೊತ್ತು ಕಳೆದಂತೆ ಗಟ್ಟಿಯಾಗುತ್ತದೆ, ಆಂಕೊ ಪಾತ್ರೆ ಮೊದಲ ಹತ್ತು ನಿಮಿಷ ತೆಳ್ಳಗಾಗುತ್ತದೆ. ಆಂಕೊದ ಮಾಂಸದಲ್ಲಿ ಬಹುಪಾಲು ನೀರೇ. ಅಣಬೆ, ಸೊಪ್ಪುಗಳೂ ನೀರು ಬಿಡುತ್ತವೆ. ಹಾಗಾಗಿ ಇಸೆಗೆನ್‌ನ ಸೋಯಾ ಸಾರು ಮೊದಲ ಗುಟುಕಿಗೆ ಗಾಢವಾಗಿ, ಉಪ್ಪಾಗಿ ಕಂಡರೂ ನೀರು ಬೆರೆಸಲು ಹೇಳಬೇಡಿ. ನೀರು ಬಿಟ್ಟುಕೊಂಡ ಮೇಲೆ ಅದು ತಾನೇ ಹದಕ್ಕೆ ಬರುತ್ತದೆ. ಕುದಿ ಬಂದೊಡನೆ ಉರಿ ತಗ್ಗಿಸಿ, ಬಿಳಿಯ ಮಾಂಸವನ್ನು ಮೊದಲು ತಿನ್ನಿ, ಏಕೆಂದರೆ ಹೆಚ್ಚು ಕುದಿದರೆ ಅದು ಕುಗ್ಗಿ ನಾರಾಗುತ್ತದೆ. ಚರ್ಮ, ರೆಕ್ಕೆ ಅವಸರ ಮಾಡುವುದಿಲ್ಲ, ಬೆಂದಷ್ಟೂ ಅಂಟಂಟಾಗಿ ರುಚಿ ಬಿಡುತ್ತವೆ. ಯಕೃತ್ತಿನ ತುಂಡನ್ನು ಸೌಟಿನಿಂದ ಒತ್ತಿ ಒಡೆಯಬೇಡಿ. ಒಂದು ಭಾಗವನ್ನು ಇಡಿಯಾಗಿ ತಿಂದು, ಒಂದು ಭಾಗವನ್ನು ಕೊನೆಯವರೆಗೆ ಪಾತ್ರೆಯಲ್ಲೇ ಬಿಟ್ಟರೆ ಅದು ತಾನಾಗಿ ಕರಗಿ ಸಾರಿಗೆ ಬೆಣ್ಣೆಯ ಮೈ ಕೊಡುತ್ತದೆ.

ಇದೇ ಮೀನನ್ನು ಉತ್ತರದ ಇಬಾರಾಕಿ ಕರಾವಳಿಯ ಬೆಸ್ತರು ‘ದೊಬುಜಿರು’ ಎಂದು ಬೇರೆಯೇ ರೀತಿ ಮಾಡುತ್ತಾರೆ. ಖಾಲಿ ಪಾತ್ರೆಯಲ್ಲಿ ಯಕೃತ್ತನ್ನು ಹುರಿದು, ಎಣ್ಣೆ ಬಿಟ್ಟಾಗ ಮಿಸೊ ಬೆರೆಸಿ, ಮೀನು, ಮೂಲಂಗಿ ಹಾಕುತ್ತಾರೆ. ಒಂದು ಹನಿ ನೀರನ್ನೂ ಸೇರಿಸುವುದಿಲ್ಲ. ದೋಣಿಯಲ್ಲಿ ಸಿಹಿನೀರು ಅಮೂಲ್ಯವಾಗಿದ್ದ ಕಾಲದ ಅಡುಗೆ. ಕಾಂಡಾದ ಪಾತ್ರೆ ನಗರದ್ದು, ತಿಳಿಯಾದದ್ದು. ಇಬಾರಾಕಿಯದು ಮಂದ, ಕಿತ್ತಳೆ ಬಣ್ಣದ್ದು.

ಕೊನೆಗೆ ಅನ್ನದ ಗಂಜಿ. ಪಾತ್ರೆಯಲ್ಲಿ ಉಳಿದ ಚೂರುಗಳನ್ನೆಲ್ಲ ಎತ್ತಿ, ಒಂದು ಬಟ್ಟಲು ಅನ್ನಕ್ಕೆ ಸುಮಾರು ಒಂದೂವರೆ ಬಟ್ಟಲು ಸಾರು ಉಳಿಸಿಕೊಳ್ಳಬೇಕು. ಅನ್ನ ಹಾಕಿ ಒಂದು ಕುದಿ ಬಂದ ಮೇಲೆ ಉರಿ ಆರಿಸಿ, ಕಡೆದ ಮೊಟ್ಟೆಯನ್ನು ತೆಳುವಾಗಿ ಸುತ್ತ ಸುರಿದು, ಅರ್ಧ ನಿಮಿಷ ಮುಚ್ಚಿಡಬೇಕು. ಉರಿಯ ಮೇಲೆಯೇ ಮೊಟ್ಟೆ ಹಾಕಿ ಕಲಕಿದರೆ ಸಾರು ಕದಡಿ ಪುಡಿಪುಡಿಯಾಗುತ್ತದೆ. ಇದನ್ನು ಸಾಮಾನ್ಯವಾಗಿ ಬಡಿಸುವವರೇ ಬಂದು ಮಾಡಿಕೊಡುತ್ತಾರೆ. ಅವರು ಬರುವ ಮೊದಲೇ ಸಾರನ್ನೆಲ್ಲ ಕುಡಿದು ಮುಗಿಸದಿರಿ.

ಮೂರನೆಯ ದಿನ: ಕೊಮಾಚಿ ರೈಲು, ಕವಾಬಾತಾದ ಸಂಜೆ

ತೋಕ್ಯೊದಿಂದ ಅಕಿತಾಗೆ ‘ಕೊಮಾಚಿ’ ಶಿಂಕಾನ್‌ಸೆನ್ (ಬುಲೆಟ್ ರೈಲು) ಸುಮಾರು ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ಎಲ್ಲ ಸೀಟೂ ಮುಂಗಡ ಕಾದಿರಿಸಿದವೇ. ಮೊರಿಯೊಕಾವರೆಗೆ ಗಂಟೆಗೆ 320 ಕಿ.ಮೀ. ವೇಗ, ಅಲ್ಲಿಂದ ಮುಂದೆ ಹಳೆಯ ಬೆಟ್ಟದ ಹಳಿ, ಹೆಚ್ಚೆಂದರೆ 130. ಓಮಗಾರಿಯಲ್ಲಿ ರೈಲು ದಿಕ್ಕು ಬದಲಿಸುತ್ತದೆ, ಕೊನೆಯ ಅರ್ಧ ಗಂಟೆ ಎಲ್ಲರೂ ಬೆನ್ನು ಮುಂದಾಗಿ ಸಾಗುತ್ತಾರೆ. ರೈಲು ಹಿಂದಕ್ಕೆ ಹೊರಟಿತೆಂದು ಗಾಬರಿ ಬೇಡ.

ಅಕಿತಾ ನಿಲ್ದಾಣದ ಪಶ್ಚಿಮ ದ್ವಾರದಿಂದ ಹಳೆಯ ಕೋಟೆಯ ಉದ್ಯಾನವನ್ನು ದಾಟಿ ಅಸಾಹಿ ನದಿಯವರೆಗೆ ಹದಿನೈದು ನಿಮಿಷ ನಡೆದರೆ ಕವಾಬಾತಾ. ಊರಿನ ಹಳೆಯ ಊಟದಂಗಡಿಗಳೂ ಸಾಕೆಯಂಗಡಿಗಳೂ ಒತ್ತಾಗಿರುವ ಬೀದಿಗಳು. ಇಲ್ಲಿ ಕೂತ ಕೂಡಲೇ ಕೇಳದಿದ್ದರೂ ಒಂದು ಪುಟ್ಟ ಬಟ್ಟಲು ತಂದಿಡುತ್ತಾರೆ, ಬಿಲ್ಲಿನಲ್ಲಿ ತಲೆಗೆ ಮುನ್ನೂರರಿಂದ ಐನೂರು ಯೆನ್ ಅದಕ್ಕೆ ಸೇರಿರುತ್ತದೆ. ಮೋಸವೆಂದು ತಿಳಿಯಬಾರದು, ಅದು ಜಾಗದ ಬಾಡಿಗೆಯ ಹಾಗೆ. ನಬೆಯನ್ನು ಹಲವು ಕಡೆ ಇಬ್ಬರಿಗಿಂತ ಕಡಿಮೆಗೆ ಕೊಡುವುದಿಲ್ಲ. ಒಬ್ಬರೇ ಹೋದವರು ಪಟ್ಟಿಯಲ್ಲಿ ‘ಕಯಾಕಿ’ ಹುಡುಕಬೇಕು. ಹಿಂದೆ ದೊಡ್ಡ ಕಡಲ ಚಿಪ್ಪನ್ನೇ ಪಾತ್ರೆಯಾಗಿಟ್ಟು ಒಬ್ಬೊಬ್ಬರಿಗೆ ಬೇಯಿಸುತ್ತಿದ್ದ ಪದ್ಧತಿಯ ಹೆಸರು ಅದು.

ಈ ಸಂಜೆಯದು ಶೊತ್ಸುರು ಹಾಕಿದ ಪಾತ್ರೆ. ಶೊತ್ಸುರು ಎಂದರೆ ಹತಹತ ಮೀನಿಗೆ ಉಪ್ಪು ಬೆರೆಸಿ ಒಂದು ವರ್ಷಕ್ಕೂ ಮೀರಿ ಕೊಳೆಯಿಸಿ ಸೋಸಿದ ದ್ರವ, ಕಂದು ಬಣ್ಣದ್ದು, ಘಾಟಿನದು. ಹತಹತಕ್ಕೆ ಮೈಮೇಲೆ ಚಿಪ್ಪಿಲ್ಲ. ಚಳಿಗಾಲದ ಗುಡುಗಿನ ಹೊತ್ತಿಗೆ ಮೊಟ್ಟೆಯಿಡಲು ದಡದ ಕಡಲಕಳೆಗೆ ಬರುತ್ತದೆ. ಒಂದು ಕಾಲಕ್ಕೆ ಬುಟ್ಟಿಗಟ್ಟಲೆ ಸಿಗುತ್ತಿದ್ದ ಈ ಮೀನು 1991ರ ಹೊತ್ತಿಗೆ ಇಡೀ ಅಕಿತಾ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 70 ಟನ್‌ಗೆ ಇಳಿಯಿತು. ಬೆಸ್ತರು ತಾವೇ ಒಪ್ಪಿ 1992ರಿಂದ ಮೂರು ವರ್ಷ ಬಲೆ ಬೀಸಲಿಲ್ಲ. ಮೀನು ಮರಳಿತು. ಈಚಿನ ವರ್ಷಗಳಲ್ಲಿ ಮತ್ತೆ ಕುಸಿದಿದೆ, ಆದ್ದರಿಂದ ಋತುವಿನಲ್ಲೂ ‘ಇಂದು ಇಲ್ಲ’ ಎಂಬ ಉತ್ತರಕ್ಕೆ ಸಿದ್ಧರಾಗಿರಿ. ಹೊತ್ತಿಲ್ಲದ ಹೊತ್ತಿನಲ್ಲಿ ಮೊಟ್ಟೆ ತುಂಬಿದ ಮೀನೇ ಬೇಕೆಂದು ಹಟ ಹಿಡಿಯದಿರುವುದು ಆ ಬೆಸ್ತರಿಗೆ ತೋರುವ ಗೌರವ.

ಮಾಡುವುದು ಸುಲಭ, ಕೆಡಿಸುವುದೂ ಸುಲಭ. ನಾಲ್ವರಿಗೆ ಒಂದು ಲೀಟರ್ ನೀರಿನಲ್ಲಿ 10 ಗ್ರಾಂ ಕೊಂಬು ಕಡಲಕಳೆಯನ್ನು ಅರ್ಧ ಗಂಟೆ ನೆನೆಸಿ, ಬಿಸಿಯಾಗಿ ಕುದಿ ಬರುವ ಮುನ್ನ ತೆಗೆದುಬಿಡಿ. ಕುದಿಸಿದರೆ ಲೋಳೆಯೂ ಕಹಿಯೂ ಬರುತ್ತದೆ. ಅದಕ್ಕೆ 100 ಮಿ.ಲೀ. ಸಾಕೆ, 50 ಮಿ.ಲೀ. ಶೊತ್ಸುರು. ರುಚಿ ನೋಡಿ ಹೆಚ್ಚಿಸಬಹುದು, ಇಳಿಸಲಾಗದು. ತೋಫು, ನೆಗಿ, ಎಲೆಕೋಸು ಬೆಂದ ಮೇಲೆ ಮೀನು, ಸಣ್ಣ ಕುದಿಯಲ್ಲಿ ಮೂರು ನಾಲ್ಕು ನಿಮಿಷ. ಜೋರಾಗಿ ಕುದಿಸಿದರೆ ಘಾಟು ಕೋಣೆ ತುಂಬುತ್ತದೆ, ಮೀನು ಮುರಿಯುತ್ತದೆ. ತಿನ್ನುವ ಬಗೆ: ಬಾಲವನ್ನು ಮುರಿದು, ಮೈಯನ್ನು ಚಾಪ್‌ಸ್ಟಿಕ್ಕಿನಿಂದ ಮೃದುವಾಗಿ ಅದುಮಿ, ತಲೆ ಹಿಡಿದು ಎಳೆದರೆ ಬೆನ್ನೆಲುಬು ಇಡಿಯಾಗಿ ಹೊರಬರುತ್ತದೆ. ಹೊಟ್ಟೆಯಲ್ಲಿರುವ ಮೊಟ್ಟೆಗೆ ಬುರಿಕೊ ಎನ್ನುತ್ತಾರೆ, ಹಲ್ಲಿಗೆ ಸಿಕ್ಕಿ ಚಿಟಪಟನೆ ಒಡೆದು ನೂಲುನೂಲಾಗಿ ಎಳೆಯುತ್ತದೆ.

ನಾಲ್ಕನೆಯ ದಿನ: ಒದಾತೆ, ಕಿರಿತಾಂಪೊ

ಈ ಪ್ರವಾಸದ ಮುಖ್ಯ ದಿನ ಇದು. ಅಕಿತಾದಿಂದ ಒದಾತೆಗೆ ‘ತ್ಸುಗಾರು’ ಎಕ್ಸ್‌ಪ್ರೆಸ್ ಸುಮಾರು ಒಂದೂವರೆ ಗಂಟೆ. ದಿನಕ್ಕೆ ಕೆಲವೇ ರೈಲು, ಹಿಂತಿರುಗುವ ವೇಳೆಯನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ಸತ್ತ ಯಜಮಾನನಿಗಾಗಿ ವರ್ಷಗಟ್ಟಲೆ ರೈಲು ನಿಲ್ದಾಣದಲ್ಲಿ ಕಾದ ಹಚಿಕೊ ನಾಯಿ 1923ರಲ್ಲಿ ಹುಟ್ಟಿದ ಊರು ಇದು, ನಿಲ್ದಾಣದ ಬಳಿ ಅದರ ಪ್ರತಿಮೆಯಿದೆ. ಕಿರಿತಾಂಪೊ ಎಂದರೆ ಕಡ್ಡಿಗೆ ಮೆತ್ತಿ ಸುಟ್ಟ ಅನ್ನದ ನಳಿಗೆ. ಅಕ್ಟೋಬರಿನಲ್ಲಿ ಇಲ್ಲಿ ಅದರ ದೊಡ್ಡ ಜಾತ್ರೆ ನಡೆಯುತ್ತದೆ. ಬೇರೆ ದಿನಗಳಲ್ಲಿ ಊರಿನ ಅಂಗಡಿಗಳಿಗೆ ಒಂದು ದಿನ ಮುಂಚೆ ಹೇಳಿಡುವುದು ಒಳ್ಳೆಯದು, ಸಾರು ಬೆಳಿಗ್ಗೆಯಿಂದಲೇ ಒಲೆಯ ಮೇಲಿರಬೇಕಲ್ಲ.

ಕಿರಿತಾಂಪೊ ಹುಟ್ಟಿದ್ದು ಪಕ್ಕದ ಕಜುನೊದಲ್ಲಿ, ಕಾಡಿಗೆ ಹೋಗುತ್ತಿದ್ದವರ ಉಳಿದ ಅನ್ನದಿಂದ ಎಂಬ ಮಾತಿದೆ. ಹೊಸ ಅಕ್ಕಿಯನ್ನು ಸ್ವಲ್ಪ ಗಟ್ಟಿಯಾಗಿ ಅನ್ನ ಮಾಡಿ, ಬಿಸಿಯಿರುವಾಗಲೇ ಅರ್ಧ ಕಾಳು ಉಳಿಯುವಷ್ಟು ಮಾತ್ರ ಕುಟ್ಟುತ್ತಾರೆ. ಎಲ್ಲವೂ ನಿಂತಿರುವುದು ಈ ಅರ್ಧದ ಮೇಲೆ. ಕಡಿಮೆ ಕುಟ್ಟಿದರೆ ಕಾಳುಗಳು ಅಂಟಿಕೊಳ್ಳದೆ ಪಾತ್ರೆಯಲ್ಲಿ ಬಿಚ್ಚಿ ಸಾರು ಗಂಜಿಯಾಗುತ್ತದೆ. ಹೆಚ್ಚು ಕುಟ್ಟಿದರೆ ಮೋಚಿ ಎಂಬ ಅಂಟು ಅಕ್ಕಿಯ ಮುದ್ದೆಯಂತಾಗಿ ಸಾರನ್ನು ಒಳಗೆ ಬಿಡುವುದಿಲ್ಲ, ಹೊರಗೆ ಲೋಳೆ, ಒಳಗೆ ಸಪ್ಪೆ. ಒಂದು ಬಟ್ಟಲು ನೀರಿಗೆ ಒಂದು ಚಮಚ ಉಪ್ಪು ಕರಗಿಸಿ ಅದರಲ್ಲಿ ಕೈ ಒದ್ದೆ ಮಾಡಿಕೊಂಡು, ರಾಗಿಮುದ್ದೆ ಕಟ್ಟುವ ಹಾಗೆ ಒಂದು ಉಂಡೆ ಹಿಡಿದು, ಸುಗಿ (ಜಪಾನಿನ ದೇವದಾರು) ಮರದ ಕಡ್ಡಿಯ ತುದಿಯಿಂದ ಕೆಳಕ್ಕೆ ಎಳೆಯುತ್ತ ಸಮನಾಗಿ ಹಚ್ಚಬೇಕು. ಕಡ್ಡಿಯನ್ನೂ ಮೊದಲೇ ನೀರಿನಲ್ಲಿ ಅದ್ದಿರಬೇಕು, ಇಲ್ಲವಾದರೆ ಸುಟ್ಟ ಮೇಲೆ ಬಿಡುವುದಿಲ್ಲ. 150 ಗ್ರಾಂ ಅಕ್ಕಿಗೆ ಸುಮಾರು ಮೂರು ಕಿರಿತಾಂಪೊ. ಹಲಗೆಯ ಮೇಲೆ ಉರುಳಿಸಿ ನುಣುಪು ಮಾಡಿ, ಕೆಂಡದ ಸುತ್ತ ನಿಲ್ಲಿಸಿ, ಮೊದಲು ಮೈ ಒಣಗುವಂತೆ, ಆಮೇಲೆ ತಿಳಿ ಕಂದು ಬರುವಂತೆ ಸುಡಬೇಕು. ಬೆಚ್ಚಗಿರುವಾಗಲೇ ತಿರುವುತ್ತ ಕಡ್ಡಿ ಎಳೆದರೆ ನಳಿಗೆಯಾಗಿ ಉಳಿಯುತ್ತದೆ. ಪೂರ್ತಿ ಆರಿದ ಮೇಲೆಯೇ ಕತ್ತರಿಸಿ ಪಾತ್ರೆಗೆ ಹಾಕಬೇಕು, ಬಿಸಿ ಮೈ ಬೇಗ ಬಿಚ್ಚಿಕೊಳ್ಳುತ್ತದೆ. ಕಡ್ಡಿಯಿಲ್ಲದೆ ಉಂಡೆ ಕಟ್ಟಿದರೆ ಅದು ‘ದಮಾಕೊ’. ಹಚಿರೊಗಾತಾ ಕಡೆಯವರಿಗೆ ಅದೇ ಹೆಚ್ಚು ಪ್ರಿಯ, ಮನೆಯಲ್ಲಿ ಮಾಡಲು ಸುಲಭವೂ ಹೌದು.

ಕೋಳಿ ಹಿನೈ ಜಿದೊರಿ. 1942ರಲ್ಲಿ ರಾಷ್ಟ್ರೀಯ ಸಂರಕ್ಷಿತ ತಳಿಯೆಂದು ಘೋಷಿತವಾದ ಹಿನೈ ಹುಂಜಕ್ಕೆ ರೋಡ್ ಐಲ್ಯಾಂಡ್ ರೆಡ್ ಹೇಂಟೆಯನ್ನು ಕೂಡಿಸಿ ಪಡೆದ ಮಿಶ್ರತಳಿ. ಐದು ತಿಂಗಳವರೆಗೆ ಓಡಾಡಿಸಿ ಬೆಳೆಸುವುದರಿಂದ ಮಾಂಸ ಬಿಗಿ, ಕೊಬ್ಬು ಹಳದಿ. ಮೂಳೆಯನ್ನು ತೊಳೆದು, ಸಣ್ಣ ಕುದಿಯಲ್ಲಿ ಎರಡು ಮೂರು ಗಂಟೆ ಇಟ್ಟು, ಬೂದು ನೊರೆಯನ್ನು ತೆಗೆಯುತ್ತ, ಹೊಂಬಣ್ಣದ ಕೊಬ್ಬನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಕೊಬ್ಬನ್ನೂ ತೆಗೆದರೆ ಈ ಪಾತ್ರೆಗೆ ಜೀವವಿರುವುದಿಲ್ಲ.

ನಾಲ್ವರ ಪಾತ್ರೆಗೆ ಒಂದೂವರೆ ಲೀಟರ್ ಸಾರು, 100ರಿಂದ 120 ಮಿ.ಲೀ. ಸೋಯಾ, 50 ಮಿ.ಲೀ. ಸಾಕೆ, ಒಂದಿಷ್ಟು ಮಿರಿನ್. ಕೋಳಿ 400 ಗ್ರಾಂ, ಗೊಬೊ 150 ಗ್ರಾಂ, ಮೈತಾಕೆ ಅಣಬೆ 200 ಗ್ರಾಂ, ದಾರದಂಥ ಕೊನ್ನ್ಯಾಕು (ಒಂದು ಗೆಡ್ಡೆಯ ಹಿಟ್ಟಿನ ಜೆಲ್ಲಿ) 200 ಗ್ರಾಂ, ಎರಡು ನೆಗಿ, ಎಂಟು ಕಿರಿತಾಂಪೊ, ಎರಡು ಕಂತೆ ಸೆರಿ ಸೊಪ್ಪು. ಕುಡಿಯುವ ಸಾರಿಗಿಂತ ಉಪ್ಪು ತುಸು ಮುಂದಿರಲಿ, ಅನ್ನ ಅದನ್ನು ಹೀರುತ್ತದೆ. ಗೊಬೊವನ್ನು ಪೆನ್ಸಿಲ್ ಚೂಪು ಮಾಡಿದಂತೆ ತೆಳುವಾಗಿ ಕೆತ್ತಿ, ನೀರಿನಲ್ಲಿ ಒಮ್ಮೆ ಆಡಿಸಿ ತೆಗೆಯಬೇಕು. ಬಣ್ಣ ಬೆಳ್ಳಗಾಗಲೆಂದು ಅರ್ಧ ಗಂಟೆ ನೆನೆಯಿಟ್ಟರೆ ಮಣ್ಣಿನ ಆ ಒಳ್ಳೆಯ ವಾಸನೆಯೂ ನೀರಿಗೆ ಹೋಗುತ್ತದೆ.

ಕ್ರಮ ತಪ್ಪಬಾರದು: ಮೊದಲು ಗೊಬೊ ಮತ್ತು ಕೋಳಿ, ಸಣ್ಣ ಕುದಿಯಲ್ಲಿ ಹತ್ತು ನಿಮಿಷ. ಮೇಲೆ ಬಂದ ನೊರೆ ತೆಗೆದು ಮೈತಾಕೆ, ಕೊನ್ನ್ಯಾಕು. ಆಮೇಲೆ ನೆಗಿ ಮತ್ತು ಓರೆಯಾಗಿ ಕತ್ತರಿಸಿದ ಕಿರಿತಾಂಪೊ, ಮೂರರಿಂದ ಐದು ನಿಮಿಷ. ಎಲ್ಲಕ್ಕಿಂತ ಕೊನೆಗೆ ಸೆರಿ, ಅರ್ಧ ನಿಮಿಷ ಸಾಕು. ಸೆರಿಯ ಬೇರನ್ನು ಕತ್ತರಿಸಿ ಎಸೆಯುವವರು ಅಕಿತಾದವರಲ್ಲ. ಯುಜಾವಾದ ಮಿತ್ಸುಸೆಕಿಯ ಸೆರಿಯಲ್ಲಿ ಬೆಲೆಯಿರುವುದೇ ಉದ್ದನೆಯ ಬಿಳಿ ಬೇರಿಗೆ. ಬೇರಿನ ನಡುವಿನ ಮಣ್ಣನ್ನು ಹರಿವ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬೇಕು. ಪಾತ್ರೆಗೆ ಬೇರು ಮೊದಲು, ಎಲೆ ಆಮೇಲೆ.

ಎಲ್ಲ ಕಿರಿತಾಂಪೊವನ್ನೂ ಒಮ್ಮೆಗೇ ಹಾಕಿಬಿಡುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಹತ್ತು ನಿಮಿಷ ಮೀರಿದ ತುಂಡು ಸಾರನ್ನೆಲ್ಲ ಹೀರಿ ಊದಿಕೊಂಡು ಒಡೆಯುತ್ತದೆ, ಪಾತ್ರೆ ಒಣಗುತ್ತದೆ. ಒಂದು ಸುತ್ತಿಗೆ ತಲೆಗೆ ಎರಡು ತುಂಡಿನಂತೆ ಹಾಕಿ, ತಿಂದು, ಮತ್ತೆ ಹಾಕಿ. ಹೊರಮೈ ಮೆತ್ತಗಾಗಿ, ನಡುವೆ ಇನ್ನೂ ಸುಟ್ಟ ಅನ್ನದ ಬಿಗಿ ಉಳಿದಿರುವ ಕ್ಷಣವೇ ಸರಿಯಾದ ಹದ. ಸಾರು ಇಳಿದರೆ ಸಾರೇ ಕೇಳಿ, ನೀರು ಬೇಡ. ಅನ್ನ ಆಗಲೇ ಪಾತ್ರೆಯಲ್ಲಿರುವುದರಿಂದ ಗಂಜಿ ಮಾಡುವುದಿಲ್ಲ. ಇನ್ನೂ ಹಸಿವಿದ್ದರೆ ಅಕಿತಾದ್ದೇ ಆದ ತೆಳ್ಳನೆಯ ಇನಾನಿವಾ ಉದೊನ್ ಎಂಬ ಗೋಧಿ ಶಾವಿಗೆ ಹಾಕಿಸಬಹುದು.

ಐದನೆಯ ದಿನ: ಅಕಿತಾ ನಗರ, ಸಾಕೆ

ಬೆಳಿಗ್ಗೆ ನಿಲ್ದಾಣಕ್ಕೆ ಹತ್ತಿರದ ನಾಗರಿಕ ಮಾರುಕಟ್ಟೆಗೆ ಹೋದರೆ ಈವರೆಗೆ ಪಾತ್ರೆಯಲ್ಲಿ ಕಂಡದ್ದೆಲ್ಲ ಹಸಿಯಾಗಿ ಕಾಣುತ್ತದೆ: ಬೇರುಸಹಿತ ಸೆರಿ, ಪೆಟ್ಟಿಗೆಯಲ್ಲಿ ಹತಹತ, ಶೊತ್ಸುರು ಸೀಸೆಗಳು.

ಅಕಿತಾದ ಸಾಕೆಯನ್ನು ತಿಳಿಯಲು ಚಳಿಯಿಂದ ಶುರುಮಾಡಬೇಕು. ಹುದುಗು ತಣ್ಣಗಿದ್ದಷ್ಟೂ ನಿಧಾನ, ನಿಧಾನವಾದಷ್ಟೂ ರುಚಿ ನುಣುಪು. ನಗರದ ಅರಾಮಾಸಾ ಭಟ್ಟಿ 1852ರದ್ದು. ಅಲ್ಲಿನ ಹುದುಗಿನಿಂದ 1930ರಲ್ಲಿ ಬೇರ್ಪಡಿಸಿದ ಯೀಸ್ಟ್ ‘ಆರನೆಯ ಸಂಖ್ಯೆ’ ಎಂದು ದೇಶಕ್ಕೆಲ್ಲ ಹಂಚಿಕೆಯಾಯಿತು. ಒಂದರಿಂದ ಐದರವರೆಗಿನವು ಬಳಕೆಯಿಂದ ಹೋದವು, ಚಳಿಯಲ್ಲೂ ಗಟ್ಟಿಯಾಗಿ ಕೆಲಸ ಮಾಡುವ ಆರನೆಯದು ಉಳಿಯಿತು. ಅರಾಮಾಸಾದ ಸೀಸೆ ಅಂಗಡಿಯಲ್ಲಿ ಸಿಗುವುದು ಅಪರೂಪ. ಕವಾಬಾತಾದ ಅಂಗಡಿಗಳಲ್ಲಿ ಒಂದು ಲೋಟ ಕೇಳುವುದು ಸುಲಭದ ದಾರಿ. ದಕ್ಷಿಣದ ನಿಕಾಹೊದಲ್ಲಿ 1487ರಿಂದ ನಡೆದುಬಂದಿರುವ ಹಿರೈಜುಮಿ ಭಟ್ಟಿ ಇದೆ. ಅದರ ಯಮಾಹಾಯ್ ಸಾಕೆ ಹುಳಿ ಗಟ್ಟಿಯಾಗಿರುವಂಥದ್ದು, ಬಿಸಿ ಮಾಡಿದರೆ ಅರಳುತ್ತದೆ.

ನಬೆಗೆ ಸಾಕೆ ಆರಿಸುವಾಗ ಬೆಲೆ ನೋಡಬೇಡಿ. ಅಕ್ಕಿಯನ್ನು ಅರ್ಧ ಅಥವಾ ಅದಕ್ಕೂ ಕಡಿಮೆ ಉಳಿಯುವಂತೆ ಉಜ್ಜಿ ಸವೆಸಿ ಮಾಡಿದ ದಾಯ್‌ಗಿಂಜೊದ ಪರಿಮಳ ಕುದಿಯುವ ಸೋಯಾ ಮುಂದೆ ನಿಲ್ಲುವುದಿಲ್ಲ. ಬೇರೆ ಆಲ್ಕೋಹಾಲ್ ಬೆರೆಸದ ಜುನ್‌ಮಾಯ್, ಅದರಲ್ಲೂ ಕಿಮೊತೊ ಅಥವಾ ಯಮಾಹಾಯ್ ಕ್ರಮದ್ದು ಒಳ್ಳೆಯದು. ಈ ಎರಡು ಕ್ರಮಗಳಲ್ಲಿ ಲ್ಯಾಕ್ಟಿಕ್ ಹುಳಿಯನ್ನು ಹೊರಗಿನಿಂದ ಸುರಿಯುವುದಿಲ್ಲ, ತಾನಾಗಿ ಬೆಳೆಯಲು ಬಿಡುತ್ತಾರೆ. ತಾಯಿಹುದುಗು ಸಿದ್ಧವಾಗಲು ಎರಡು ವಾರದ ಬದಲು ಒಂದು ತಿಂಗಳು ಹಿಡಿಯುತ್ತದೆ, ಆ ಹುಳಿಯೇ ಕೊಬ್ಬಿಗೆ ಎದುರು ನಿಲ್ಲುತ್ತದೆ. ಶೊತ್ಸುರುವಿಗೆ 40 ಡಿಗ್ರಿಯ ನುರುಕಾನ್, ಕಿರಿತಾಂಪೊಗೆ 45, ಆಂಕೊದ ಯಕೃತ್ತಿಗೆ 50 ಡಿಗ್ರಿಯ ಅತ್ಸುಕಾನ್ ನಮ್ಮ ಆಯ್ಕೆ. ಕೋಣೆಯಲ್ಲಿ ಬಿಸಿ ಮಾಡುವುದಾದರೆ 180 ಮಿ.ಲೀ. ಹಿಡಿಯುವ ತೊಕ್ಕುರಿ ಎಂಬ ಪುಟ್ಟ ಹೂಜಿಯನ್ನು ಕುತ್ತಿಗೆಗಿಂತ ತುಸು ಕೆಳಗಿನವರೆಗೆ ತುಂಬಿ, ನೀರು ಕುದಿಸಿ, ಒಲೆ ಆರಿಸಿ, ಅದರಲ್ಲಿ ಎರಡು ಮೂರು ನಿಮಿಷ ನಿಲ್ಲಿಸಿ. ಬಿಸಿಯಾದ ಸಾಕೆ ಹಿಗ್ಗಿ ಮೇಲೇರುವುದನ್ನು ಕಣ್ಣಲ್ಲೇ ಕಾಣಬಹುದು. ಮೈಕ್ರೊವೇವ್‌ನಲ್ಲಿ ಕತ್ತು ಸುಡುತ್ತದೆ, ತಳ ತಣ್ಣಗೇ ಇರುತ್ತದೆ. ಪ್ರತಿ ತೊಕ್ಕುರಿಗೆ ಅಷ್ಟೇ ನೀರನ್ನೂ ಕುಡಿಯಿರಿ. ಉಪ್ಪು ಸಾರು, ಬಿಸಿ ಸಾಕೆ ಎರಡೂ ಸೇರಿದರೆ ಮರುದಿನ ತಲೆ ಭಾರವಾಗುತ್ತದೆ.

ಊರಿಗೆ ಒಯ್ಯುವವರಿಗೆ: ಸೀಸೆಯ ಮೇಲೆ ‘ನಾಮಾ’ ಎಂದಿದ್ದರೆ ಅದು ಬಿಸಿ ಮಾಡಿ ಸ್ಥಿರಗೊಳಿಸದ ಸಾಕೆ, ಫ್ರಿಜ್ಜಿನ ಹೊರಗೆ ಪ್ರಯಾಣ ಮಾಡಿಸಿದರೆ ಕೆಡುತ್ತದೆ. ‘ಹಿಇರೆ’, ಅಂದರೆ ಹಾಗೆ ಬಿಸಿ ಮಾಡಿದ್ದನ್ನು ಕೇಳಿ. ಭಾರತಕ್ಕೆ ಬರುವ ಪ್ರಯಾಣಿಕರಿಗೆ ಸುಂಕವಿಲ್ಲದೆ ತರಲು ಬಿಡುವುದು ತಲೆಗೆ ಎರಡು ಲೀಟರ್ ಮದ್ಯ. 1.8 ಲೀಟರಿನ ದೊಡ್ಡ ಸೀಸೆ ಒಂದು, ಇಲ್ಲವೇ 720 ಮಿ.ಲೀ.ಯದು ಎರಡು. ಎರಡು ಸೀಸೆ ಕೊಳ್ಳುವುದೇ ಒಳ್ಳೆಯದು, ತೆರೆದ ದೊಡ್ಡ ಸೀಸೆ ಬೆಂಗಳೂರಿನ ಸೆಖೆಯಲ್ಲಿ ವಾರದೊಳಗೆ ರುಚಿ ಕಳೆದುಕೊಳ್ಳುತ್ತದೆ. ಕೈಚೀಲದಲ್ಲಿ ಇಷ್ಟು ದೊಡ್ಡ ಸೀಸೆಗೆ ಅನುಮತಿಯಿಲ್ಲ. ಬಟ್ಟೆಯಲ್ಲಿ ಸುತ್ತಿ, ಮುಚ್ಚಳದ ಮೇಲೆ ಟೇಪು ಹಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದೊಡ್ಡ ಪೆಟ್ಟಿಗೆಯ ನಡುವೆ ಇಡಿ. ಶೊತ್ಸುರು ಸೀಸೆಗೆ ಎರಡು ಚೀಲ ಬೇಕು, ಅದು ಸೋರಿದರೆ ಪೆಟ್ಟಿಗೆಯ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ.